ಕಾಗವಾಡದ ಬಸ್ಸು

ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ರೂಪಾಲಿಯ ಪಕ್ಕ ವಯಸ್ಸಾದ ಗಂಡ ಹೆಂಡತಿ ಚೀಲ ಇಟ್ಟುಕೊಂಡು ಕೂತಿದ್ದರು. ಗಂಡ ರಿಟೈರಾದ ಮೇಲೆ ಊರೂರು ತಿರುಗುತ್ತ, ಮನಸ್ಸಿಗೆ ಹಿಡಿಸಿದಲ್ಲಿ ಬಾಡಿಗೆಗೆ ಖೋಲಿ ಹಿಡಿದು ಇರುವವರೆಂದು ಅವರ ಮಾತಿನಲ್ಲೇ ತಿಳಿಯಿತು.

ಗಂಡ ಹೆಂಡತಿಗೆ ಅಂದ, “ಸುಂದರಾ, ವಾಪಸ್ ಖೋಲಿಗೆ ಹೋಗೂಣು. ದೀಪಾವಳಿ ತನಕ ಇಲ್ಲೇ ಇರೂಣು.”

“ಬ್ಯಾಡ್ರಿ. ಕಾಗವಾಡಕ್ಕ ಹೋಗೂಣು.”

“ಬೀಡಿ ಕಟ್ಟೂ ಗೆಳತ್ಯಾರನ್ನ ಬಿಟ್ಟ ಬರ್ತಿಯೇನ?”

“ತಂಬಾಕದ ಘಾಟಿಗೆ ರಾತ್ರಿಯೆಲ್ಲಾ ಬಾಯಿಗೆ ದಿಂಬ ಒತ್ತಿ ಕೆಮ್ಮತೀರಿ. ನನಗ ಕೇಳಸಂಗಿಲ್ಲಂತ ತಿಳದೀರೇನ್ರಿ?”

“ನಿನಗ ಇಲ್ಲಿ ಖುಷಿ ಐತಿ ಅಂತ ಸುಮ್ನಿದ್ದೆ.”

“ಗೆಳತ್ಯಾರು ಹ್ವಾದಲ್ಲೆಲ್ಲಾ ಸಿಗತಾರ. ನಿಮ್ಮನ್ನ ಎಲ್ಲಿ ಹುಡಕ್ಲಿ?”

ಕಾಗವಾಡದ ಬಸ್ಸು ಬಂದಾಗ ಆತ ಆಕೆಯ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡ.

“ಕಿಟಕಿ ಕಡೆ ನೀ ಕುಂದರು,” ಅಂದ ಬಸ್ಸು ಹತ್ತುತ್ತ.

“ನಿಮಗ ಗಾಳಿ ಬೇಕು. ನೀವ ಕುಂದರ್ರಿ.”

ಬಸ್ಸು ಹೊರಟಾಗ ಕಿಟಕಿಯಲ್ಲಿ ಗಂಡನ ಮುಖ ರೂಪಾಲಿಗೆ ಕಂಡಿತು. ಅವನು ನಗುತ್ತಿದ್ದ.