ಮರದ ಸೌಟು

...ಅಲ್ಲಿ ಬೇಡ ಮಹಾನಂದಾ, ಮೂಲೇಲಿ ಕತ್ತಲೆ. ಇತ್ತ ಬಾಗಿಲ ಬೆಳಕಿಗೆ ಬಾ, ನನ್ನ ಎದುರುಗೇ ಕೂತ್ಕೊ. ಎಷ್ಟೊತ್ತಿಂದ ಬಡೀತಿದ್ದೆ ಬಾಗಿಲು? ಕಾಲು ಗಂಟೆನಾ? ಪಕ್ಕದ ಮನೆ ಟೀವಿ ಗದ್ದಲ ಕಣವ್ವ, ಭಾನುವಾರ ಅಂದ್ರೆ ಇಂಗೇ. ಯಾಕೆ ಅಂಗೆ ನೋಡ್ತೀಯ? ಪಕ್ಕದ ಮನೆಗೆ ಬೀಗ ಹಾಕೈತಾ? ಓ... ಅಂಗಾದ್ರೆ ಒಗ್ಗರಣೆ ಸದ್ದಲ್ಲಿ ಗೊತ್ತಾಗಿಲ್ಲ ಬಿಡು.

ನೀನ್ಯಾಕೆ ಬಂದಿದ್ದೀಯ ಅಂತ ಗೊತ್ತು. ನಿನ್ನ ಗಂಡ ಮುತ್ತುನ ಕೆಲಸದಿಂದ ತೆಗ್ದು ಎಂಟು ದಿನ ಆಯ್ತು. ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಭಟ್ಟಿ ನೋಡ್ಕೊಂಡೋನು, ನನ್ನ ಡಬ್ಬೀಲಿ ಕೈ ಹಾಕಿ ಮುದ್ದೆ ತಿಂದೋನು. ನಂಗೇನು ಸಂಕಟ ಇಲ್ಲ ಅಂದ್ಕೊಂಡ್ಯಾ? ಇರು, ಮೊದ್ಲು ಊಟ ಮಾಡು. ನಮ್ಮನೆಯೋಳು ರಾಮಮ್ಮ ಮಗಳ ಮನೆಗೆ ಹೋಗವ್ಳೆ, ಇವತ್ತು ನಂದೇ ಅಡುಗೆ. ಅವರೆಕಾಳು ಸಾರು.

ಏನಂದೆ? ನಿಮ್ಮ ಬಿಜಾಪುರದ ಕಡೆ ಮಾತು ಬಿರುಸು ಕಣವ್ವ, ನಮ್ಗೆ ಗಕ್ಕನೆ ಹತ್ತಲ್ಲ. ನನ್ನ ಕಡೆ ನೋಡ್ಕೊಂಡು ನಿಧಾನಕ್ಕೆ ಯೋಳು. ಹೂಂ... ಹೂಂ. ನಾಳೆ ಓನರ್ ಬರ್ತಾರೆ, ಅವ್ರ ಮುಂದೆ ಒಂದು ಮಾತು. ಮುತ್ತುದು ತಪ್ಪಿಲ್ಲ ಅಂತ. ಅಷ್ಟೇ ತಾನೆ? ನೋಡನ. ಕೂತ್ಕೊ, ಏಳ್ಬೇಡ. ನೋಡನ ಅಂದ್ನಲ್ಲ.

ಈ ಪಾತ್ರೆ ನೋಡು, ನಮ್ಮ ಪೀಣ್ಯದ ಯೂನಿಟ್ಟಿಂದೇ. ಅಂಚಲ್ಲಿ ಬಣ್ಣ ಒಸಿ ಸೋರೈತೆ ಅಂತ ಕಮ್ಮಿ ರೇಟಿನ ಸೆಕೆಂಡ್ಸಿಗೆ ಹಾಕಿದ್ರು, ನಾನು ತಂದ್ಕೊಂಡೆ. ಒಳಗೆ ಬೀಡು ಕಬ್ಬಿಣ, ಮೇಲೆ ಎನಾಮಲ್ಲು. ಎನಾಮಲ್ ಅಂದ್ರೆ ಗಾಜೇ ಅಲ್ವಾ, ಬಣ್ಣದ ಗಾಜಿನ ಪುಡಿ ಬಳ್ದು ಭಟ್ಟೀಲಿ ಕಾಯ್ಸಿ ಅಂಟ್ಸೋದು. ಬರೀ ಬೀಡಿನ ಬಾಣ್ಲೀಲಿ ಹುಣಿಸೆಹುಳಿ ಬಿಟ್ಟು ನೋಡು, ಸಾರು ಕಪ್ಪಗಾಗಿ ಕಬ್ಬಿಣದ ವಾಸ್ನೆ ಹೊಡಿಯುತ್ತೆ. ಇದ್ರಲ್ಲಿ ಅದೇನಿಲ್ಲ. ದೊಡ್ಡ ದೊಡ್ಡ ಅಂಗಡೀಲಿ ಫಾರಿನ್ ಮಾಲು ಅಂತ ಇಟ್ಟಿರ್ತಾರಲ್ಲ, ಅದೂ ಇದೇ ಕಬ್ಬಿಣ, ಇದೇ ಗಾಜು. ನಮ್ದು ಬಡವ್ರಿಗೂ ಸಿಗುತ್ತೆ, ಅಷ್ಟೇ ವ್ಯತ್ಯಾಸ.

ಆದ್ರೆ ಇದನ್ನ ಮರ್ಯಾದೆಯಾಗಿ ನೋಡ್ಕೋಬೇಕು. ಉರಿ ಸಣ್ಣಗಿರ್ಬೇಕು. ಖಾಲಿ ಪಾತ್ರೆ ಒಲೆ ಮೇಲಿಟ್ಟು ಮರ್ತು ಮಾತಿಗೆ ಕೂರ್ಬಾರ್ದು. ಕಾದಿರೋದಕ್ಕೆ ತಣ್ಣೀರು ಹುಯ್ದ್ರೆ ಮೇಲಿನ ಗಾಜು ಚಿಟಿಚಿಟಿ ಬಿರುಕು ಬಿಡುತ್ತೆ. ತಳ ಹತ್ತಿದ್ರೆ ತಂತಿ ನಾರಲ್ಲಿ ಉಜ್ಬಾರ್ದು, ಬಿಸ್ನೀರಿಗೆ ಒಂದು ಚಮಚ ಸೋಡಾ ಹಾಕಿ ನೆನ್ಸಿ ಬಿಟ್ರೆ ತಾನಾಗೇ ಬಿಡುತ್ತೆ. ಸ್ಟೀಲ್ ಸೌಟು ಆಡಿಸ್ಬಾರ್ದು, ಚಕ್ಕೆ ಏಳುತ್ತೆ. ಮರದ್ದೇ ಬೇಕು. ಈ ಸೌಟು ನಾನೇ ಕೆತ್ತಿದ್ದು, ಹಲಸಿನ ಮರದ್ದು. ನೋಡು ಎಷ್ಟು ನುಣುಪಾಗೈತೆ.

ಯಾಕೆ ಕಿವಿ ಮುಚ್ಕೊಂಡೆ? ಓ, ರೈಲಾ. ಚಿಕ್ಕಬಾಣಾವರದಲ್ಲಿ ಹುಟ್ಟಿದೋರು ನಾವು, ರೈಲು ಎಲ್ಲಿ ಲೆಕ್ಕಕ್ಕಿಡ್ತೀವಿ.

ಆಯ್ತು, ಆಯ್ತು, ಪಾತ್ರೆ ವಿಷ್ಯ ಬಿಡ್ತೀನಿ. ಯಾಕವ್ವ ಸಿಟ್ಟು? ಅನುಸೂಯಮ್ಮ. ಗೊತ್ತು, ಆ ಹೆಸ್ರು ನಾನೂ ಮರ್ತಿಲ್ಲ. ಬ್ರೂಕ್‌ಫೀಲ್ಡಲ್ಲಿ ಯಾರದೋ ಮನೇಲಿ ಅಡುಗೆ ಮಾಡೋ ಹೆಂಗಸು. ನಮ್ಮ ಯೂನಿಟ್ಟಿನ ನೀಲಿ ಪಾತ್ರೆ ಒಲೆ ಮೇಲೇ ಎರಡಾಗಿ ಬಿತ್ತು, ಕುದೀತಿದ್ದ ಸಾರು ಎರಡೂ ಕಾಲಿನ ಮೇಲೆ. ಮಂಡಿಯಿಂದ ಕೆಳಗೆ ಚರ್ಮ ಇಲ್ವಂತೆ. ಆಯಮ್ಮ ಇನ್ನೂ ಮಂಚ ಬಿಟ್ಟಿಳ್ದಿಲ್ಲ ಅಂತ ಕೇಳ್ದೆ. ಅದು ಕೇಳಿದಾಗಿಂದ ನಂಗೂ ಅನ್ನ ಸರಿಯಾಗಿ ಇಳೀತಿಲ್ಲ.

ಸೂಪರ್‌ವೈಸರ್ ಪಂಚಾಕ್ಷರಿ ಎಲ್ರನ್ನೂ ನಿಲ್ಸಿ ಕೇಳ್ದ. ನಾನು ಏನು ಯೋಳಿದ್ದು? ಮುತ್ತು ತಪ್ಪು ಮಾಡ್ದ ಅಂದ್ನಾ? ಒಂದಕ್ಷರ ಅಂದಿಲ್ಲ. ನನ್ನ ಕೈ ದಾಟುವಾಗ ಪಾತ್ರೆ ಗಟ್ಟಿಯಾಗಿತ್ತು ಅಂದೆ. ನನ್ನ ಕೆಲಸ ಅಷ್ಟೇ ತಾನೆ? ಬಣ್ಣಕ್ಕೆ ಹೋಗೋ ಮುಂಚೆ ಒಂದೊಂದು ಪಾತ್ರೆನೂ ಮರದ ಸುತ್ತಿಗೇಲಿ ತಟ್ಟಿ ನೋಡೋದು. ಗಟ್ಟಿ ಇದ್ರೆ ಖಣ್ ಅನ್ನುತ್ತೆ, ಒಡಕಿದ್ರೆ ಲೊಟ್ ಅನ್ನುತ್ತೆ. ಕಣ್ಣಿಗೆ ಕಾಣ್ದಿರೋ ಒಡಕು ಕಿವಿಗೆ ಸಿಗುತ್ತೆ. ಇಪ್ಪತ್ತಾರು ವರ್ಷ. ನಲ್ಲಪ್ಪನ ಕಿವಿ ಅಂತಾರೆ ಯೂನಿಟ್ಟಲ್ಲಿ. ಮೆಷಿನ್ ತರ್ಸನಾ ಅಂತ ಒಂದ್ಸಲ ಓನರ್ ಕೇಳಿದ್ರೆ, ನಲ್ಲಪ್ಪ ಇರೋವರ್ಗೂ ಮೆಷಿನ್ ಯಾಕೆ ಸಾರ್ ಅಂದಿದ್ದು ಇದೇ ಪಂಚಾಕ್ಷರಿ.

ಅದಾದ್ಮೇಲೆ ಮುತ್ತು ಭಟ್ಟಿಯಿಂದ ಬಿಸಿ ಪಾತ್ರೆ ತೆಗ್ದು ಫ್ಯಾನ್ ಮುಂದೆ ಇಟ್ಟ ಅಂತ ಅವ್ರೇ ಅಂದ್ಕೊಂಡ್ರು, ಅದಕ್ಕೇ ಒಡಕು ಬಂತು ಅಂತ. ನಾನು ಅದಕ್ಕೆ ಹೌದು ಅನ್ನಲಿಲ್ಲ. ಅಲ್ಲ ಅಂತಲೂ... ಅನ್ನಲಿಲ್ಲ.

ಸೆರಗಿನ ಗಂಟಲ್ಲಿ ಏನದು? ಬಿಚ್ಚು, ಬಿಚ್ಚು. ಚೂರು. ಆ ಪಾತ್ರೆದಾ? ಎಲ್ಲಿ ಸಿಕ್ತು? ...ಮುತ್ತು ಅನುಸೂಯಮ್ಮನ ನೋಡಕ್ಕೆ ಕಾಡುಗೋಡಿಗೆ ಹೋಗಿದ್ನಾ? ನಾನು ಹೋಗಿಲ್ಲ. ಅವನು ಹೋದ್ನಾ... ಆಯಮ್ಮ ಎತ್ತಿಟ್ಟಿದ್ಳಾ ಇದನ್ನ.

ಬೆರಳು ಎಲ್ಲಿ ತೋರುಸ್ತೀಯ? ಒಡ್ದಿರೋ ಅಂಚಲ್ಲಿ. ಹೂಂ, ನೀಲಿ ಐತೆ. ಒಡಕಿನ ಒಳಕ್ಕೆ ನೀಲಿ ಇಳ್ದೈತೆ. ಕಂಡೆ. ಬಣ್ಣ ಒಳಗೆ ಇಳೀಬೇಕಾದ್ರೆ ಬಣ್ಣ ಬಳಿಯೋ ಮುಂಚೇನೇ ಅಲ್ಲಿ ಒಡಕಿರ್ಬೇಕು ಅಂತಾನಾ ಮುತ್ತು? ಅವನಿಗೇನು ಗೊತ್ತು... ಗೊತ್ತು, ಅವನಿಗೆ ಗೊತ್ತು. ನಾನೇ ಕಲ್ಸಿದ್ದು.

ಅಂದ್ರೆ ಏನವ್ವಾ ನೀನು ಯೋಳೋದು? ನಾನು ಒಡಕು ಪಾತ್ರೆ ಬಿಟ್ಟೆ ಅಂತನಾ? ನನ್ನ ಮನೇಲಿ ಕೂತ್ಕೊಂಡು ನನ್ನ ಕಿವೀನೇ ಸರಿಯಿಲ್ಲ ಅಂತೀಯಾ? ತಡಿ. ತಡಿ, ಈಗ್ಲೇ ತೋರುಸ್ತೀನಿ. ಮಂಚದ ಕೆಳಗೆ ಎರಡು ಪಾತ್ರೆ ಐತೆ, ಎಳ್ಕೊ. ಒಂದೇ ಸೈಜು, ಒಂದೇ ಬಣ್ಣ. ಹೊಸಬ್ರಿಗೆ ಕಲ್ಸಕ್ಕೆ ಅಂತ ಇಟ್ಕೊಂಡಿರೋದು. ಒಂದು ಗಟ್ಟಿ, ಒಂದು ಒಡಕು. ನಾನು ಆ ಕಡೆ ತಿರುಗ್ತೀನಿ, ನೀನು ಅದಲು ಬದಲು ಮಾಡು. ಆಯ್ತಾ? ಇತ್ತ ತಿರುಗ್ದೆ, ತಗೊ ಈ ಸೌಟು, ತಟ್ಟು. ಮೆಲ್ಲಗೆ, ಅಂಚಿನ ಮೇಲೆ.

...ಹೂಂ. ಇನ್ನೊಂದು ತಟ್ಟು.

ನಿನ್ನ ಎಡಗಡೆದು ಒಡಕು. ಸರಿಯೋ ತಪ್ಪೋ? ನೋಡ್ದ್ಯಾ? ತಟ್ಟಿದ ತಕ್ಷಣ ನೀನೇ ಮುಖ ಕಿವುಚಿದೆ, ಕೇಳೋಕೆ ಅಷ್ಟು ಕೆಟ್ದಾಗಿರುತ್ತೆ ಒಡಕು. ಎಂಥೋರಿಗೂ ಗೊತ್ತಾಗುತ್ತೆ, ನಂಗೆ ಗೊತ್ತಾಗಲ್ವಾ?

ಯಾಕೆ, ಏನು? ಒಲೆ ಕಡೆ... ಅಯ್ಯಯ್ಯೋ, ಉಕ್ಕಿ ಹೋಯ್ತು. ಯೋಳ್ಬಾರ್ದಾ ಮೊದ್ಲೇ? ಯೋಳಿದ್ಯಾ? ಎರಡ್ಸಲ ಯೋಳಿದ್ಯಾ? ನಾನು ಪಾತ್ರೆ ಮೇಲೆ ಗ್ಯಾನ ಇಟ್ಕೊಂಡಿದ್ದೆ. ಕೊಡು ಸೌಟು ಇತ್ತ, ಒಸಿ ತಿರುವಿ ಉರಿ ಇಳಿಸ್ತೀನಿ. ತಳ ಹಿಡ್ದಿಲ್ಲ ಸದ್ಯ. ಉಕ್ಕಿದ್ದು ಹೊರಗಡೆ ಅಂಟ್ಕೊಂಡೈತೆ, ಇರ್ಲಿ, ಆರಿದ್ಮೇಲೆ ಒರೆಸ್ತೀನಿ. ಬಿಸೀಲಿ ಒದ್ದೆ ಬಟ್ಟೆ ಮುಟ್ಸಬಾರ್ದು.

ಇದ್ಯಾಕೆ ಅತ್ತ ತಿರುಗಿ ಕೂತೆ? ಓ, ಇನ್ನೂ ನಂಬ್ಕೆ ಬಂದಿಲ್ವಾ. ನಿನ್ನ ಮುಖ ನೋಡ್ಕೊಂಡು ಯೋಳ್ದೆ ಅಂತನಾ? ಕಿಲಾಡಿ ಕಣೆ ನೀನು. ಆಯ್ತು, ಬೆನ್ನು ಹಾಕ್ಕೊಂಡೇ ತಟ್ಟು. ನಂಗೇನಂತೆ. ನಾಳೆ ಓನರ್ ಮುಂದೆ ಮುತ್ತುಗೆ ಇನ್ನೊಂದು ಅವಕಾಶ ಕೊಡಿ ಅಂತ ನಾನೇ ಕೇಳ್ತೀನಿ, ಹುಡುಗ ಒಳ್ಳೆಯವನು ಅಂತೀನಿ. ಆದ್ರೆ ಪಾತ್ರೆ ನನ್ನ ಕೈ ದಾಟುವಾಗ ಗಟ್ಟಿಯಾಗಿತ್ತು. ಅದನ್ನ ಮಾತ್ರ ಬಿಟ್ಕೊಡಲ್ಲ.

ತಟ್ಟಿದ್ಯಾ? ಹೂಂ, ಭುಜ ಆಡ್ತು... ಅಲ್ಲ, ಕೇಳುಸ್ತು. ಖಣ್ ಅಂತು. ಅದು ಗಟ್ಟಿ ಪಾತ್ರೆ. ಇನ್ನೊಂದು? ...ಹಾಂ, ಇದು ಲೊಟ್. ಇದು ಒಡಕು. ಸರೀನಾ? ಇನ್ನೂ ಒಂದ್ಸಲ ಬೇಕಾದ್ರೂ ತಟ್ಟು. ...ಖಣ್. ಎಷ್ಟು ಚೆನ್ನಾಗಿ ಅಂತು ನೋಡು. ಇದಕ್ಕೇ ಅಂತಾರೆ ನಲ್ಲಪ್ಪನ ಕಿವಿ ಅಂತ.

ಈಗ್ಲಾದ್ರೂ ಒಪ್ಕೊ. ಯಾಕೆ ಅಲ್ಲಾಡ್ದೆ ಕೂತಿದ್ದೀಯ? ಸೋತೆ ಅಂತನಾ? ಬಾ, ಊಟಕ್ಕೆ ಬಡುಸ್ತೀನಿ. ಆ ಸೌಟು ಕೊಡು ಇತ್ತ.

ಮಹಾನಂದಾ, ಸೌಟು ಕೊಡವ್ವ.

...ಸೌಟು ಇಲ್ಲೇ ಐತೆ. ನನ್ನ ಮಂಡಿ ಹತ್ರ, ತಟ್ಟೇಲಿ. ಸಾರು ಇನ್ನೂ ಅಂಟ್ಕೊಂಡೈತೆ. ನಾನೇ ಇಲ್ಲಿ ಇಟ್ಟಿದ್ದು.

ಬೆರಳಲ್ಲಿ ತಟ್ಟಿದ್ಯಾ? ಬಳೇಲಿ? ತಲೆ ಅಲ್ಲಾಡುಸ್ತಿದ್ದೀಯ. ಯಾತರಲ್ಲೂ ತಟ್ಟಲಿಲ್ವಾ. ಮೂರ್ಸಲ ಭುಜ ಕುಣಿಸ್ದೆ, ಅಷ್ಟೇ. ಮೂರ್ಸಲಾನೂ ನಾನು...

ರಾಮಮ್ಮಂಗೂ ಗೊತ್ತಿಲ್ಲ ಕಣೆ. ನಾನು ಮೊದ್ಲಿಂದ ಅಂಗೇ, ಕರೆದ್ರೆ ಓಗೊಡಲ್ಲ, ಜಂಬದೋನು ಅಂದ್ಕೊಂಡವ್ಳೆ. ಎರಡು ವರ್ಷದ ಹಿಂದೆ ಎಡಗಿವಿ ಹೋಯ್ತು. ಮಗ್ಗುಲಲ್ಲೇ ಪಾತ್ರೆಗೆ ಮರಳು ಹೊಡ್ದು ನುಣುಪು ಮಾಡೋ ಮೆಷಿನ್, ಬೆಳಿಗ್ಗೆಯಿಂದ ಸಾಯಂಕಾಲದವರ್ಗೂ ಅದೇ ಗೋಳು. ಬಲಗಿವಿ ಐತಲ್ಲ ಅಂದ್ಕೊಂಡೆ. ಹೋದ ದೀಪಾವಳೀಲಿ ಬೀದಿ ತುಂಬ ಪಟಾಕಿ ಹೊಗೆ ನೋಡ್ದೆ, ಸದ್ದು ಕೇಳಲಿಲ್ಲ. ಅವತ್ತೇ ಗೊತ್ತಾಯ್ತು. ಮಾರ್ನೇ ದಿನ ಕೆಲಸಕ್ಕೆ ಹೋದೆ. ಬೆರಳು ಪಾತ್ರೆ ಮೇಲಿಟ್ಟು ತಟ್ಟಿದ್ರೆ ಅದುರೋದು ತಿಳಿಯುತ್ತೆ, ಸಾಕು ಅಂದ್ಕೊಂಡೆ. ಕೆಲವು ತಿಳೀತಿತ್ತು. ಕೆಲವು ತಿಳೀತಿರ್ಲಿಲ್ಲ. ತಿಳೀದೇ ಇದ್ದಾಗ ಯಾರಾದ್ರೂ ನೋಡ್ತಾವ್ರಾ ಅಂತ ನೋಡ್ಕೊಂಡು, ತಲೆ ಆಡ್ಸಿ, ಗಟ್ಟಿ ಅಂತ ಬಣ್ಣಕ್ಕೆ ಕಳುಸ್ತಿದ್ದೆ.

ಭಯ ಕಣವ್ವ. ಕಿವಿ ಇಲ್ದ ನಲ್ಲಪ್ಪನ್ನ ಯಾರು ಕೇಳ್ತಾರೆ? ಗೇಟು ದಾಟಿ ಒಳಗೆ ಬಿಡಲ್ಲ ನನ್ನ. ಅದಕ್ಕೆ ಮುತ್ತುನ ಹೊರಗೆ ಹಾಕೋವಾಗ ನೆಲ ನೋಡ್ಕೊಂಡು ನಿಂತಿದ್ದೆ. ಹೋಗ್ತಾ ಅವನು ನಂಗೇನೋ ಅಂದ. ನಾನು ತಲೆ ಎತ್ತಿರಲಿಲ್ಲ. ಏನಂದ ಅಂತ ಇವತ್ತಿಗೂ ಗೊತ್ತಿಲ್ಲ.

ಆ ಒಂದು ಪಾತ್ರೆ ಅಲ್ಲ ಮಹಾನಂದಾ. ದೀಪಾವಳಿಯಿಂದ ಇಲ್ಲಿವರ್ಗೂ ಹೋಗಿರೋದು ಎಷ್ಟೋ. ಯಾರ್ಯಾರ ಒಲೆ ಮೇಲವೋ. ಅದನ್ನೂ ಯೋಳ್ಬೇಕು ನಾಳೆ. ಮುತ್ತು ಜೊತೇಗೇ ಬರ್ಲಿ, ಅವನ ಎದುರುಗೇ ಯೋಳ್ತೀನಿ ಓನರ್‌ಗೆ. ಆಮೇಲೆ ಕಾಡುಗೋಡಿಗೆ ಹೋಗ್ತೀನಿ, ಆಯಮ್ಮನ ಹತ್ರ. ಬಾಯಿಗೆ ಮಾತು ಬರುತ್ತೋ ಇಲ್ವೋ ಗೊತ್ತಿಲ್ಲ. ಹೋಗ್ತೀನಿ.

ಆಯ್ತಾ? ಮುತ್ತುನ ಕಳುಸ್ತೀಯಾ? ...ಏನಾದ್ರೂ ಅನ್ನವ್ವ. ಬೈಯ್ಯೋದಾದ್ರೆ ಬೈಯ್ಯಿ.

ಅಂದ್ಯಾ?

ಇತ್ತ ತಿರುಗು ಮಹಾನಂದಾ. ನಿನ್ನ ತುಟಿ ಕಾಣಲಿ.