ಹಿನ್ನೀರಿನ ಕವಲು ಮರ

ಸುರಿನಾಮಿನ ಬ್ರೊಕೊಪೊಂಡೊ ಹಿನ್ನೀರಿನ ದಡದಲ್ಲಿ ದೋಣಿಗೆ ಕಾಯುತ್ತಿದ್ದೆವು. ನನ್ನ ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಕೂತಿದ್ದ ಮುದುಕಿ, ಮುಳುಗಿದ ಕಾಡಿನ ಮರಗಳನ್ನು ನೀರೊಳಗೆ ಇಳಿದು ಕೊಯ್ಯುವ ತನ್ನ ತಂಗಿಯ ಮಗನನ್ನು ಕೇಳಿದಳು:

“ದೊಸೂ, ನಾಳೆ ಯಾವ ಕಡೆ ಇಳೀತೀರೋ?”

“ನಮ್ಮ ಹಳೇ ಊರಿನ ಕಡೆ, ದೊಡ್ಡಮ್ಮ.”

“ಆ ಕವಲು ಮರಾನೂ ಕೊಯ್ತೀರಾ?”

“ಗುರುತು ಹಾಕಿದಾರೆ. ಅರವತ್ತು ವರ್ಷ ನೀರಲ್ಲಿದ್ರೂ ಕಬ್ಬಿಣದ ಹಂಗಿದೆ.”

“ನಿಮ್ಮಜ್ಜೀನ ಅದರ ಬುಡದಲ್ಲೇ ಮಣ್ಣು ಮಾಡಿದ್ದು. ಅಣೆಕಟ್ಟು ಕಟ್ಟಿದಾಗ ನಾವು ಕೋಳಿ, ಮಡಕೆ ಎಲ್ಲ ಹೊತ್ಕೊಂಡು ಬಂದ್ವಿ. ಅವಳನ್ನ ತರೋಕಾಗ್ಲಿಲ್ಲ.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀರಿಗಿಳಿಯೋಕೆ ಹೆದರ್ತಿದ್ದೆ. ಕಪ್ಪೆ ಕಂಡ್ರೂ ಅಳ್ತಿದ್ದವನು ನೀನು!”

ಅವನು ನಗಲಿಲ್ಲ. ನೀರಿನ ಮೇಲೆ ಚಾಚಿಕೊಂಡಿದ್ದ ಬೋಳು ಕೊಂಬೆಗಳನ್ನೇ ನೋಡುತ್ತಿದ್ದ.

“ಆ ಕೊಂಬೆ ನೋಡ್ಕೊಂಡೇ ನಾನು ವರ್ಷಾವರ್ಷ ದೋಣಿಯಿಂದ ಅವಳಿಗೆ ರಮ್ಮು ಎರೆಯೋದು. ಅದೂ ಹೋದ್ರೆ ಇಷ್ಟಗಲ ನೀರಲ್ಲಿ ಅವಳನ್ನ ಎಲ್ಲಿ ಅಂತ ಹುಡುಕ್ಲಿ?”

ಅವನು ಅವಳ ಕಡೆ ತಿರುಗಿದ.

“ಬುಡಕ್ಕೆ ಹಳೇ ಬಲೆ ಸುತ್ಕೊಂಡಿದೆ, ಹತ್ರ ಹೋದ್ರೆ ಜೀವ ಹೋಗುತ್ತೆ ಅಂತ ಮೇಸ್ತ್ರಿಗೆ ಹೇಳ್ತೀನಿ.”

“ನಂಬ್ತಾನಾ?”

“ಅವನಿಗೆ ಈಜೇ ಬರಲ್ಲ. ಇಳಿದು ನೋಡ್ತಾನಾ?”

“ಬೇರೆಯೋರನ್ನ ಇಳಿಸಿದ್ರೆ?”

“ಇಳಿಯೋರೆಲ್ಲ ನಮ್ಮೋರೇ, ದೊಡ್ಡಮ್ಮ. ಅವರ ಅಜ್ಜೀರೂ ಅಲ್ಲೇ ಕೆಳಗಿದಾರೆ.”

ದೋಣಿ ಬಂತು. ಅವನು ಅವಳನ್ನು ಕೈಹಿಡಿದು ಹತ್ತಿಸಿ, ಕೆಲಸದವರ ಗುಡಾರದತ್ತ ನಡೆದ.