ಉಳಿಯಬಾರದಿದ್ದ ಚಿತ್ರ

ಸಂಘದ ಅಧ್ಯಕ್ಷರಾದ ಒಗುರಾ ಅವರೇ, ನನ್ನ ಗುರುಗಳ ಮಗಳಾದ ಸಾಯೋಕೊ ಅವರೇ, ಅಸಾಕುಸಾದ ಕೆತ್ತನೆಗಾರ ಬಂಧುಗಳೇ, ನಮ್ಮ ತಪ್ಪನ್ನು ಶಾಯಿ ಬಳಿದು ಮುಚ್ಚುವ ಮುದ್ರಣಗಾರರೇ, ಆತ್ಮೀಯ ಸಭಿಕರೇ,

ಐವತ್ತು ವರ್ಷ ಚೆರಿ ಮರದ ಅಚ್ಚುಹಲಗೆಯಲ್ಲಿ ಸಮುರಾಯ್‌ಗಳ ಮುಖ ಕೆತ್ತಿದ್ದಕ್ಕೆ ಈ ಸನ್ಮಾನ. ಭಾಷಣ ಬರೆದು ತಂದಿದ್ದೆ. ಅದು ಜೇಬಿನಲ್ಲೇ ಇರಲಿ. ಈಗಷ್ಟೇ ಸಾಯೋಕೊ ಅವರು, "ಅಪ್ಪನ ಪೆಟ್ಟಿಗೇಲಿ ಸಿಕ್ತು, ನಿಮ್ಮ ಮೊದಲ ಸಮುರಾಯ್‌ನ ಮೂಲ ಚಿತ್ರ, ನಿಮ್ಮ ಹತ್ರಾನೇ ಇರ್ಲಿ" ಎಂದು ಇದನ್ನು ನನ್ನ ಕೈಗಿಟ್ಟರು. ನೀವು ಚಪ್ಪಾಳೆ ತಟ್ಟಿದಿರಿ. ಹಿಂದಿನ ಸಾಲಿನ ಕೆತ್ತನೆಗಾರರು ಮಾತ್ರ ತಟ್ಟಲಿಲ್ಲ. ಅವರಿಗೆ ಅರ್ಥವಾಗಿದೆ. ನನಗೂ.

ಉಳಿದವರಿಗೆ ಹೇಳುತ್ತೇನೆ. ನಾವು ಚಿತ್ರವನ್ನು ಹಲಗೆಗೆ ಕವುಚಿ ಅಂಟಿಸಿ, ಕಾಗದದ ಸಮೇತ ಕೆತ್ತುತ್ತೇವೆ. ಹಲಗೆ ಸಿದ್ಧವಾಗುವ ಹೊತ್ತಿಗೆ ಚಿತ್ರ ಚೂರುಚೂರು. ಹಾಗಾದರೆ ಇದು ಹೇಗೆ ಉಳಿಯಿತು? ಇದೇ ಮೂಲ ಎನ್ನಲು ಚಿತ್ರಗಾರರ ಕೆಂಪು ಮುದ್ರೆಯೂ ಇದೆ. ಹಾಗಾದರೆ ನಾನು ಕೆತ್ತಿದ್ದು ಏನನ್ನು?

ಆಗ ನನಗೆ ಇಪ್ಪತ್ತೆರಡು. ಮುಖ, ಕೂದಲಿನ ಎಳೆ ಕೆತ್ತಲು ನಮ್ಮಲ್ಲಿ ಹತ್ತು ವರ್ಷ ಕಾಯಬೇಕು. ಇಸೋಗಾಯ್ ಗುರುಗಳು ಆರನೇ ವರ್ಷಕ್ಕೇ ಒಂದು ಸಮುರಾಯ್ ಚಿತ್ರವನ್ನು ನನ್ನ ಕೈಗೆ ಕೊಟ್ಟು, "ಇದೊಂದೇ ಇರೋದು. ಕೈ ತಪ್ಪಿದ್ರೆ ಹೋಯ್ತು" ಎಂದರು. ನನಗೆ ಕೊಂಬು ಬಂತು. ಆ ಹೆಮ್ಮೆಯಲ್ಲೇ ಮದುವೆಯಾದೆ, ಹೆಂಡತಿಗೆ ವಾರಕ್ಕೊಮ್ಮೆ ಇದೇ ಕಥೆ ಹೇಳಿದೆ. ಪಾಪ, ಸಾಯುವವರೆಗೂ ಹೊಸದೆಂಬಂತೆ ಕೇಳಿದಳು.

ನನ್ನ ಹಿರಿಯ ಸಹಪಾಠಿ ಹನಾವಾ ಅಣ್ಣ ಅಂದೇ ಹೇಳಿದ್ದ: "ಲೋ ಶಿಗೆಜೊ, ಜಾಸ್ತಿ ಮೆರೀಬೇಡ. ಅದು ನಕಲು ಕಣೋ. ನೀನು ಕೆಡಿಸಿದ್ರೂ ಮೂಲ ಉಳೀಲಿ ಅಂತ ಗುರುಗಳು ಕೂತು ನಕಲು ಮಾಡಿದ್ದನ್ನ ನಾನೇ ನೋಡ್ದೆ."

ನಾನು ನೇರ ಗುರುಗಳ ಬಳಿ ಹೋಗಿ, "ಇವನು ನಿಮ್ಮನ್ನ ಸುಳ್ಳುಗಾರ ಅಂತಾನೆ" ಎಂದೆ. ಗುರುಗಳು ತಲೆ ಎತ್ತಲಿಲ್ಲ. "ಹನಾವಾ, ನಿನ್ನ ಉಳಿಗಳನ್ನ ಕಟ್ಕೊ" ಎಂದರು. ಅಣ್ಣ ಹೋದ. ಸತ್ಯ ಗೊತ್ತಿದ್ದೂ ಗುರುಗಳು ಅವನನ್ನು ಕಳಿಸಿದರು. ನನ್ನ ಹುಮ್ಮಸ್ಸು ಕೆಡದಿರಲೆಂದೇ? ತಮ್ಮ ಮಾನ ಹೋಗದಿರಲೆಂದೇ? ಈಗ ಯಾರನ್ನು ಕೇಳಲಿ?

ಸಾಯೋಕೊ ಅವರೇ, ಅಳಬೇಡಿ. ಚಾಡಿ ಹೇಳಿದವನು ನಾನು.

ಗುರುದ್ರೋಹಿ ಎಂದು ಮತ್ತೆ ಯಾರೂ ಅವನಿಗೆ ಸಮುರಾಯ್ ಮುಖ ಕೊಡಲಿಲ್ಲ. ನದಿಯಾಚೆ ಜನರ ಹೆಸರಿನ ಮೊಹರು ಕೆತ್ತಿಕೊಂಡು ಹೊಟ್ಟೆ ಹೊರೆದ. ಇವತ್ತಿಗೂ ಅಲ್ಲೇ ಇದ್ದಾನೆ. ಅಧ್ಯಕ್ಷರು ಈ ಸಭೆಗೆ ಕರೆಯಬೇಕಾದವರ ಪಟ್ಟಿ ತೋರಿಸಿದಾಗ ಅವನ ಹೆಸರನ್ನು ಹೊಡೆದುಹಾಕಿದ್ದು ಈ ಕೈಯೇ.

ಕ್ಷಮಿಸಿ, ಇಲ್ಲಿಗೇ ನಿಲ್ಲಿಸುತ್ತೇನೆ. ಈ ಚಿತ್ರ ಹಿಡಿದು ಈಗಲೇ ಅವನ ಮನೆಗೆ ಹೊರಟೆ. ಅವನು ಒಳಗೆ ಕರೆಯದಿದ್ದರೆ ಹೊಸ್ತಿಲಲ್ಲೇ ಕೂರುತ್ತೇನೆ. ನಿಮ್ಮೆಲ್ಲರ ಪ್ರೀತಿಗೆ ಧನ್ಯವಾದ. ಈ ಸನ್ಮಾನವನ್ನು ಮಾತ್ರ ನನ್ನಿಂದ ಹೊತ್ತೊಯ್ಯಲಾಗದು. ನಮಸ್ಕಾರ.